ಹದಿನಾಲ್ಕು ಅಂದರೆ ಸೊನ್ನೆ ಅಲ್ಲ

ಈ ಹಾಳೆ ಓದುತ್ತಿರುವ ನಿಮ್ಮಲ್ಲಿ ಎಷ್ಟು ಜನ ಕೇರಿ ಪಕ್ಕದ ಎರಡು ಕೋಣೆಯ ಸರ್ಕಾರಿ ಶಾಲೆಯಲ್ಲಿ ಅ ಆ ತಿದ್ದಿದವರು? ಹಾಸ್ಟೆಲಿನಲ್ಲಿ ನಿಂತು ಕೈ ಎತ್ತಿ ಅಂದರೆ ಮುಕ್ಕಾಲು ಪಾಲು ಕೈ ಮೇಲೇಳುತ್ತವೆ. ನನ್ನ ಕೈಯೂ ಏಳುತ್ತದೆ. ಆ ಶಾಲೆಗಳಿಗೆ ಈಗ ಬೀಗ ಬೀಳುವ ಕಾಲ ಬಂದಿದೆ. ಬೀಗ ಅಂತ ಅವರು ಬಾಯಿಬಿಟ್ಟು ಹೇಳುವುದಿಲ್ಲ. 'ವಿಲೀನ' ಅನ್ನುತ್ತಾರೆ, 'ಸಂಯೋಜನೆ' ಅನ್ನುತ್ತಾರೆ, 'ಸಂಪನ್ಮೂಲಗಳ ಸದ್ಬಳಕೆ' ಅನ್ನುತ್ತಾರೆ. ನಮ್ಮ ಅವ್ವಂದಿರಿಗೆ ಇಷ್ಟು ದೊಡ್ಡ ಮಾತು ಬರುವುದಿಲ್ಲ. ಅವರು ಅದನ್ನು 'ಇಸ್ಕೂಲ್ ಮುಚ್ಚದು' ಅನ್ನುತ್ತಾರೆ. ನಾನು ಅವ್ವಂದಿರ ಮಾತನ್ನೇ ನಂಬುತ್ತೇನೆ.

ಹೋದ ಸಲ ಊರಿಗೆ ಹೋದಾಗ ಕಂಡದ್ದನ್ನು ಮೊದಲು ಹೇಳುತ್ತೇನೆ. ನಮ್ಮದು ಕೊಳ್ಳೇಗಾಲದ ಕಡೆಯ ಹಳ್ಳಿ. ಶಾಲೆ ಮುಂದಿನ ಹೊಂಗೆ ಮರದ ಕೆಳಗೆ ಪೋಷಕರ ಸಭೆ ಕರೆದಿದ್ದರು. ಒಂದರಿಂದ ಐದನೇ ಕ್ಲಾಸಿನವರೆಗೆ ಒಟ್ಟು ಹದಿನಾಲ್ಕು ಮಕ್ಕಳು. ಹನ್ನೆರಡು ನಮ್ಮ ಕೇರಿಯವು, ಎರಡು ಮಡಿವಾಳರ ಮನೆಯವು. ಜೀಪಿನಲ್ಲಿ ಬಂದ ಸಾಹೇಬರು ಕುರ್ಚಿ ಮೇಲೆ, ನಮ್ಮವರು ನೆಲದ ಮೇಲೆ. ಗಂಡಸರು ಕೂಲಿಗೆ ಹೋಗಿದ್ದರು. ಕೂಲಿ ಬಿಟ್ಟು ಬಂದವರು ಹೆಂಗಸರು.

ಸಾಹೇಬರು ಕೆಟ್ಟವರೇನಲ್ಲ. ನಯವಾಗಿಯೇ ಹೇಳಿದರು: "ನೋಡ್ರಮ್ಮ, ಹದಿನಾಲ್ಕು ಮಕ್ಕಳಿಗೆ ಒಂದು ಶಾಲೆ ಅಂದ್ರೆ ಸರ್ಕಾರಕ್ಕೂ ಹೊರೆ, ಮಕ್ಕಳಿಗೂ ಸ್ಪರ್ಧೆ ಇಲ್ಲ. ಅಲ್ಲಿ ದೊಡ್ಡ ಶಾಲೆ ಆಗ್ತಿದೆ. ಕಂಪ್ಯೂಟರು, ಸ್ಮಾರ್ಟ್ ಕ್ಲಾಸು, ಇಂಗ್ಲಿಷು ಎಲ್ಲ ಇದೆ. ನಿಮ್ಮ ಮಕ್ಕಳ ಒಳ್ಳೇದಕ್ಕೇ ಹೇಳ್ತಿರೋದು."

ದೊಡ್ಡ ಶಾಲೆ ಇರುವುದು ಮೂರೂವರೆ ಕಿಲೋಮೀಟರ್ ಆಚೆ. ಕಬ್ಬಿನ ಗದ್ದೆ ದಾಟಿ, ಕೆರೆ ಏರಿ ಮೇಲೆ ಹೋಗಿ, ಆ ಊರಿನ ದೊಡ್ಡ ಬೀದಿಯ ಉದ್ದಕ್ಕೂ ನಡೆಯಬೇಕು.

ನಮ್ಮ ಚಿಕ್ಕವ್ವ ಎದ್ದು ನಿಂತಳು. ಸೆರಗು ಬಿಗಿ ಮಾಡಿಕೊಂಡು ಕೇಳಿದಳು: "ಎಲ್ಲಾ ಸರಿ ಸಾ. ನನ್ ಕೂಸ್ಗೆ ಆರ್ ವರ್ಸ. ದಾರೀಲಿ ನೀರಡಿಕ ಆದ್ರ ಯಾರ್ ಮನ ಬಾಗ್ಲಲ್ಲಿ ನಿಂತ್ಕಂಡು ನೀರ್ ಕೇಳದು? ಅದ ಯೋಳಿ ಮೊದ್ಲು."

ಸಾಹೇಬರು ಉತ್ತರ ಹೇಳಲಿಲ್ಲ. ಬಸ್ಸಿನ ಮಾತು ಆಡಿದರು. "ಯಾವ್ ಬಸ್ಸು? ದಿನಾ ಬಂದದಾ? ಬರ್ದು ಕೊಟ್ಟೀರಾ?" ಅಂತ ಇನ್ನೊಬ್ಬಳು ಕೇಳಿದಳು. ಅದಕ್ಕೂ ಉತ್ತರ ಇಲ್ಲ. ಎದ್ದು ಹೋಗುವಾಗ ನಡಾವಳಿ ಪುಸ್ತಕದಲ್ಲಿ ಒಂದು ಸಾಲು ಬರೆಸಿದರು. ಅವರು ಹೋದ ಮೇಲೆ ನಾನು ತೆಗೆದು ಓದಿದೆ. "ಪೋಷಕರಿಗೆ ಸೂಕ್ತ ತಿಳುವಳಿಕೆ ನೀಡಲಾಯಿತು."

ಗೆಳೆಯರೇ, ಆ ಹೊಂಗೆ ಮರದ ಕೆಳಗೆ ತಿಳುವಳಿಕೆ ಕೊಟ್ಟವರು ಯಾರು, ತೆಗೆದುಕೊಳ್ಳಬೇಕಾಗಿದ್ದವರು ಯಾರು? ಅದನ್ನು ಹೇಳಲಿಕ್ಕೇ ಈ ಬರಹ.

ಹದಿನಾಲ್ಕು ಹೇಗಾಯಿತು?

ಅವರ ಹತ್ತಿರ ಇರುವುದು ಒಂದೇ ವಾದ. ಸಂಖ್ಯೆ ಕಡಿಮೆ. ಸರಿ, ಸಂಖ್ಯೆಯನ್ನೇ ವಿಚಾರಿಸೋಣ. ಹದಿನಾಲ್ಕು ಅನ್ನುವುದು ಮಳೆಯ ಹಾಗೆ ಆಕಾಶದಿಂದ ಬಿದ್ದದ್ದಲ್ಲ. ಅದನ್ನು ಮಾಡಿದವರಿದ್ದಾರೆ.

ನಾನು ಮೂರನೇ ಕ್ಲಾಸಿನಲ್ಲಿದ್ದಾಗ ಅದೇ ಶಾಲೆಯಲ್ಲಿ ಐವತ್ತಕ್ಕೂ ಹೆಚ್ಚು ಮಕ್ಕಳಿದ್ದೆವು. ಊರಿನವರ ಮಕ್ಕಳೂ ಬರುತ್ತಿದ್ದರು. ಒಂದೇ ಮಗ್ಗಿ, ಒಂದೇ ಏಟು. ಕೂರುವ ಸಾಲು ಮಾತ್ರ ಬೇರೆ. ಮೊದಲಿದ್ದ ಅಡುಗೆಯಾಕೆ ಬಿಟ್ಟುಹೋಗಿ ಬಿಸಿಯೂಟಕ್ಕೆ ನಮ್ಮ ಕೇರಿಯ ಹೆಂಗಸು ಬಂದಳು. ಆ ವಾರವೇ ಊರಿನ ಮಕ್ಕಳಿಗೆಲ್ಲ ಮಧ್ಯಾಹ್ನ ಹೊಟ್ಟೆನೋವು ಶುರುವಾಯಿತು. ಮನೆಗೆ ಉಣ್ಣಲು ಹೋದವರು ವಾಪಸು ಬರಲಿಲ್ಲ. ಮಾರನೇ ವರ್ಷ ಊರ ಬಾಗಿಲಿಗೆ ಹಳದಿ ವ್ಯಾನು ಬಂತು. ಕಾನ್ವೆಂಟಿನ ವ್ಯಾನು. ಆ ವ್ಯಾನು ಕೇರಿ ತನಕ ಬರುತ್ತಿರಲಿಲ್ಲ. ರಸ್ತೆ ಸರಿ ಇಲ್ಲವಂತೆ.

ಇದು ನಮ್ಮೂರಿನ ಕಥೆ ಮಾತ್ರ ಅಂದುಕೊಳ್ಳಬೇಡಿ. ದಲಿತ ಹೆಂಗಸು ಬೇಯಿಸಿದ ಬಿಸಿಯೂಟ ಬೇಡ ಎಂದು ಮಕ್ಕಳನ್ನು ಬಿಡಿಸಿಕೊಂಡು ಹೋದ ಸುದ್ದಿ ಕೋಲಾರದಿಂದಲೂ ಬಂದಿದೆ, ಚಾಮರಾಜನಗರದಿಂದಲೂ ಬಂದಿದೆ. ಸುದ್ದಿ ಬಂದಾಗ ಅಧಿಕಾರಿಗಳು ಓಡಿ ಹೋಗುತ್ತಾರೆ, ಶಾಂತಿ ಸಭೆ ಮಾಡುತ್ತಾರೆ, ಫೋಟೋ ತೆಗೆಸುತ್ತಾರೆ. ಹೋದ ಮಕ್ಕಳು ತಿರುಗಿ ಬರುವುದು ಅಪರೂಪ. ಆಮೇಲೆ ನಾಲ್ಕು ವರ್ಷ ಬಿಟ್ಟು ಇನ್ನೊಬ್ಬ ಅಧಿಕಾರಿ ಬಂದು ಹಾಜರಿ ಪುಸ್ತಕ ತೆಗೆದು "ಸಂಖ್ಯೆ ಕಡಿಮೆ" ಅನ್ನುತ್ತಾನೆ. ನೋಡಿ ಹೇಗಿದೆ ನ್ಯಾಯ! ಬಹಿಷ್ಕಾರ ಹಾಕಿದವನ ಮಗ ಕಾನ್ವೆಂಟಿನಲ್ಲಿ ಕೂತಿದ್ದಾನೆ. ಬಹಿಷ್ಕಾರ ಹಾಕಿಸಿಕೊಂಡವಳ ಮಗಳ ಶಾಲೆಗೆ ಬೀಗ.

ಇನ್ನು ಸರ್ಕಾರದ ಕೈಚಳಕ ಕೇಳಿ. ಎಲ್ಲ ಮಕ್ಕಳಿಗೂ ಶಿಕ್ಷಣ ಹಕ್ಕು ಎಂದು 2009ರಲ್ಲಿ ಪಾರ್ಲಿಮೆಂಟು ಕಾಯ್ದೆ ಮಾಡಿತು. 2010ರ ಏಪ್ರಿಲ್ 1ರಂದು ಜಾರಿಗೆ ಬಂತು. ಅದರಲ್ಲಿ ಖಾಸಗಿ ಶಾಲೆಗಳ ಶೇಕಡ 25 ಸೀಟು ಬಡವರಿಗೆ, ಹಿಂದುಳಿದವರಿಗೆ ಎಂದಾಯಿತು. ಫೀಸನ್ನು ಸರ್ಕಾರ ಕಟ್ಟಿಕೊಡಬೇಕು. ನಮ್ಮ ರಾಜ್ಯದಲ್ಲಿ 2012ರಿಂದ ಇದು ನಡೆಯಿತು. ಅಂದರೆ ತನ್ನ ಶಾಲೆಯ ಮಕ್ಕಳನ್ನು ತಾನೇ ದುಡ್ಡು ಕೊಟ್ಟು ಪಕ್ಕದ ಅಂಗಡಿಗೆ ಕಳಿಸಿತು ಸರ್ಕಾರ. ಸರ್ಕಾರಿ ಶಾಲೆ ಖಾಲಿಯಾಗತೊಡಗಿತು. ಆಗ ಎಚ್ಚರವಾಗಿ 2019ರಲ್ಲಿ ನಿಯಮ ತಿದ್ದಿದರು: ಹತ್ತಿರದಲ್ಲಿ ಸರ್ಕಾರಿ ಶಾಲೆಯೋ ಅನುದಾನಿತ ಶಾಲೆಯೋ ಇದ್ದರೆ ಖಾಸಗಿ ಶಾಲೆ ಆ ಸೀಟು ಕೊಡಬೇಕಾಗಿಲ್ಲ. "ನಿಮ್ಮ ಹತ್ತಿರ ಸರ್ಕಾರಿ ಶಾಲೆ ಇದೆಯಲ್ಲ, ಅಲ್ಲಿಗೇ ಹೋಗಿ" ಎಂದರು. ಸರಿ, ಹೋದೆವು. ಈಗ ಅದೇ ಹತ್ತಿರದ ಸರ್ಕಾರಿ ಶಾಲೆಯನ್ನು ದೂರಕ್ಕೆ ಒಯ್ಯುತ್ತಾರೆ.

ಆ ಬಾಗಿಲೂ ಮುಚ್ಚಿತು, ಈ ಬಾಗಿಲೂ ಮುಚ್ಚಿತು. ಮಧ್ಯೆ ನಿಂತ ಆರು ವರ್ಷದ ಕೂಸಿಗೆ "ನಿನ್ನ ಒಳ್ಳೇದಕ್ಕೇ" ಅಂತ ಹೇಳಿದರೆ ಅದಕ್ಕೆ ಅರ್ಥವಾಗುತ್ತದೆಯೇ?

ಮೇಷ್ಟ್ರು ಎಲ್ಲಿ?

"ಒಬ್ಬ ಮೇಷ್ಟ್ರು ಐದು ಕ್ಲಾಸು ನೋಡಿಕೊಳ್ಳುವ ಶಾಲೆಯಲ್ಲಿ ಏನು ಕಲಿತಾರೆ?" ಎಂದು ಕೇಳುತ್ತಾರೆ. ಒಳ್ಳೆಯ ಪ್ರಶ್ನೆ. ಆದರೆ ಕೇಳಬೇಕಾದವರು ನಾವು, ಉತ್ತರ ಹೇಳಬೇಕಾದವರು ಅವರು.

ಅದೇ ಶಿಕ್ಷಣ ಹಕ್ಕು ಕಾಯ್ದೆಯ ಕೊನೆಯಲ್ಲಿ ಒಂದು ಪಟ್ಟಿ ಇದೆ. ಒಂದರಿಂದ ಐದನೇ ಕ್ಲಾಸಿನ ಶಾಲೆಯಲ್ಲಿ ಅರವತ್ತು ಮಕ್ಕಳವರೆಗೆ ಇಬ್ಬರು ಮೇಷ್ಟ್ರು ಇರಬೇಕು ಎಂದು ಅದರಲ್ಲಿದೆ. ಅರವತ್ತಾದರೆ ಇಬ್ಬರು ಅಂತಲ್ಲ, ಅರವತ್ತರ ತನಕ ಇಬ್ಬರು. ಹತ್ತು ಮಕ್ಕಳಿದ್ದರೂ ಇಬ್ಬರು, ಹದಿನಾಲ್ಕು ಇದ್ದರೂ ಇಬ್ಬರು. ನಮ್ಮ ಶಾಲೆಯಲ್ಲಿ ಇರುವುದು ಒಬ್ಬರೇ ಮೇಡಂ. ಅವರೂ ವಾರದಲ್ಲಿ ಒಂದು ದಿನ ಮೀಟಿಂಗು, ಒಂದು ದಿನ ಮೊಬೈಲಿನಲ್ಲಿ ಅಂಕಿ ತುಂಬುವ ಕೆಲಸ, ಚುನಾವಣೆ ಬಂದರೆ ಓಟರ್ ಪಟ್ಟಿ. ಎರಡನೇ ಮೇಷ್ಟ್ರನ್ನು ಕೊಡದೆ ಕಾಯ್ದೆ ಮುರಿದವರು ಯಾರು? ಮುರಿದವರೇ ಬಂದು "ಶಾಲೆ ಚೆನ್ನಾಗಿಲ್ಲ, ಮುಚ್ಚೋಣ" ಅನ್ನುತ್ತಾರೆ. ಎತ್ತಿಗೆ ಮೇವು ಹಾಕದೆ, "ಎತ್ತು ಬಡಕಲು, ಕಟುಕರಿಗೆ ಮಾರೋಣ" ಅಂದ ಹಾಗೆ.

ಕೇಂದ್ರ ಸರ್ಕಾರದ 2020ರ ಹೊಸ ಶಿಕ್ಷಣ ನೀತಿಯ ಪುಸ್ತಕದಲ್ಲಿ ಏಳನೇ ಅಧ್ಯಾಯ ಓದಿ. 2016-17ರ ಲೆಕ್ಕದಲ್ಲಿ ದೇಶದ ಸರ್ಕಾರಿ ಪ್ರಾಥಮಿಕ ಶಾಲೆಗಳಲ್ಲಿ ಹತ್ತಿರ ಹತ್ತಿರ ಶೇಕಡ 28ರಲ್ಲಿ ಮೂವತ್ತಕ್ಕಿಂತ ಕಡಿಮೆ ಮಕ್ಕಳಿದ್ದರು ಎಂದಿದೆ. ಒಬ್ಬರೇ ಮೇಷ್ಟ್ರಿರುವ ಶಾಲೆಗಳು 1,08,017, ಅದರಲ್ಲಿ 85,743 ಪ್ರಾಥಮಿಕ ಶಾಲೆಗಳು ಎಂದಿದೆ. ಎಷ್ಟು ಚೆನ್ನಾಗಿ ಎಣಿಸಿದ್ದಾರೆ! ಕೊನೆಯ ಶಾಲೆಯ ತನಕ ಎಣಿಸಿದ್ದಾರೆ. ಇದನ್ನು ಓದಿದ ಮಾಮೂಲಿ ಮನುಷ್ಯ ಏನು ಹೇಳುತ್ತಾನೆ? "ಹಾಗಾದರೆ ಇನ್ನೂ ಒಂದು ಲಕ್ಷ ಮೇಷ್ಟ್ರನ್ನು ನೇಮಿಸಿ" ಅನ್ನುತ್ತಾನೆ. ಅವರಿಗೆ ಮೊದಲು ಹೊಳೆದದ್ದು ಶಾಲೆಗಳ ಗುಂಪು ಕಟ್ಟುವುದು, ಒಂದು ಶಾಲೆಗೆ ಇನ್ನೊಂದನ್ನು ಸೇರಿಸುವುದು.

ಬೆಂಗಳೂರಿನವರೇನೂ ಬೇರೆಯಲ್ಲ. ದಿಲ್ಲಿಯ ನೀತಿ ನಮಗೆ ಬೇಡ ಎಂದು 2023ರಲ್ಲಿ ಎದೆ ತಟ್ಟಿಕೊಂಡ ರಾಜ್ಯ ಸರ್ಕಾರವೇ 'ಕರ್ನಾಟಕ ಪಬ್ಲಿಕ್ ಶಾಲೆ' ಹೆಸರಿನಲ್ಲಿ ಎಲ್‌ಕೆಜಿಯಿಂದ ಪಿಯುಸಿ ತನಕ ಒಂದೇ ಕಾಂಪೌಂಡಿನಲ್ಲಿ ದೊಡ್ಡ ಶಾಲೆ ಕಟ್ಟಲು ಏಷ್ಯಾ ಅಭಿವೃದ್ಧಿ ಬ್ಯಾಂಕಿನ ಕಡೆ ನೋಡುತ್ತಿದೆ. ದೊಡ್ಡ ಶಾಲೆ ಕಟ್ಟಿದರೆ ಬೇಡ ಅನ್ನುವವರು ಯಾರು? ಕಟ್ಟಲಿ. ಅದರ ತರಗತಿ ತುಂಬಿಸಲು ಸುತ್ತಲ ಸಣ್ಣ ಶಾಲೆಗಳ ಕತ್ತು ಹಿಸುಕುವುದು ಬೇಡ ಅನ್ನುತ್ತಿದ್ದೇವೆ. "ಯಾವ ಶಾಲೆಯನ್ನೂ ಮುಚ್ಚುವುದಿಲ್ಲ" ಎಂದು ಮೇಲಿನವರು ಹೇಳುತ್ತಾರೆ. ಒಪ್ಪಿದೆವು. ಹಾಗಾದರೆ ಮಕ್ಕಳನ್ನು ಎತ್ತಿಕೊಂಡು ಹೋದ ಮೇಲೆ ಉಳಿಯುವ ಎರಡು ಕೋಣೆಗೆ ಏನಂತ ಕರೆಯಬೇಕು?

2011-12ರಲ್ಲೂ ಇದೇ ಮಾತು ಬಂದಿತ್ತು. ಆಗ ಬೇರೆ ಪಕ್ಷ. ಕನ್ನಡ ಶಾಲೆ ಮುಚ್ಚುತ್ತಾರೆ ಎಂದು ಸಾಹಿತಿಗಳು ಎದ್ದರು, ಒಳ್ಳೆಯದೇ ಮಾಡಿದರು. ಆದರೆ ಅವರ ಸಂಕಟ ಕನ್ನಡ ಹೋಗುತ್ತದಲ್ಲ ಎಂದು. ಆ ಶಾಲೆಯಲ್ಲಿ ಉಳಿದ ಮಕ್ಕಳು ಯಾರ ಮಕ್ಕಳು, ಅವರೇ ಯಾಕೆ ಉಳಿದರು ಎಂದು ಕೇಳಿದವರು ಕಡಿಮೆ. ಕನ್ನಡ ಉಳಿಯಲಿ. ಕನ್ನಡ ಕಲಿಯುವ ಕೂಸೂ ಉಳಿಯಲಿ ಸ್ವಾಮಿ.

ಈ ಲೆಕ್ಕ ಹೊಸದಲ್ಲ

ನಮ್ಮ ತಲೆ ಎಣಿಸಿ ನಮ್ಮನ್ನು ಶಾಲೆಯಿಂದ ಹೊರಗಿಡುವುದು ಈ ನೆಲದಲ್ಲಿ ಹಳೇ ವಿದ್ಯೆ. ಬಾಬಾಸಾಹೇಬರು 1928ರಲ್ಲಿ ಸೈಮನ್ ಆಯೋಗಕ್ಕೆ ಕೊಟ್ಟ ಹೇಳಿಕೆಯಲ್ಲಿ ಒಂದು ಪ್ರಸಂಗ ದಾಖಲಾಗಿದೆ. ಅದು ನಮ್ಮ ಧಾರವಾಡದ್ದು. 1856ರ ಜೂನ್‌ನಲ್ಲಿ ಒಬ್ಬ ಮಹಾರ್ ಹುಡುಗ ಧಾರವಾಡದ ಸರ್ಕಾರಿ ಶಾಲೆಗೆ ತನ್ನನ್ನು ಸೇರಿಸಿಕೊಳ್ಳಲಿಲ್ಲ ಎಂದು ಸರ್ಕಾರಕ್ಕೆ ಅರ್ಜಿ ಹಾಕಿದ. ಮುಂಬಯಿ ಸರ್ಕಾರ ಏನೆಂದಿತು ಗೊತ್ತೇ? ನ್ಯಾಯವೇನೋ ಹುಡುಗನ ಕಡೆಗೇ ಇದೆ, ಆದರೆ ಒಬ್ಬಿಬ್ಬರಿಗೋಸ್ಕರ ತಲೆತಲಾಂತರದ ನಂಬಿಕೆಗೆ ಕೈ ಹಾಕಿದರೆ ಒಟ್ಟು ವಿದ್ಯಾಭ್ಯಾಸಕ್ಕೇ ನಷ್ಟ ಎನ್ನುವ ಅರ್ಥದ ಮಾತು ಹೇಳಿತು. ಒಬ್ಬಿಬ್ಬರು! ನೋಡಿ, ಆಗಲೂ ಸಂಖ್ಯೆ ಕಡಿಮೆ. ಸರ್ಕಾರದ ಹಣದಲ್ಲೇ ನಡೆಯುವ ಶಾಲೆಗಳು ಎಲ್ಲರಿಗೂ ತೆರೆದಿರಬೇಕು ಎಂಬ ಪ್ರಕಟಣೆ 1858ರಲ್ಲಿ ಬಂತು. ಕಾಗದದಲ್ಲಿ ಬಂದದ್ದು ಬಾಗಿಲಿಗೆ ಬರಲು ಎಷ್ಟು ವರ್ಷ ಹಿಡಿಯಿತು ಎನ್ನುವುದನ್ನು ನಿಮ್ಮ ತಾತಂದಿರನ್ನು ಕೇಳಿ.

ಮಂಗಳೂರಿನಲ್ಲಿ ಕುದ್ಮುಲ್ ರಂಗರಾಯರು 1892ರಲ್ಲಿ ನಮ್ಮ ಮಕ್ಕಳಿಗಾಗಿ ಶಾಲೆ ತೆಗೆದಾಗ ಅವರ ಜಾತಿಯವರೇ ಅವರನ್ನು ದೂರ ಇಟ್ಟರು. ಒಂದು ಶಾಲೆ ಕೇರಿಯ ಹತ್ತಿರಕ್ಕೆ ಬರಬೇಕಾದರೆ ಯಾರೋ ಬೆಲೆ ತೆತ್ತಿದ್ದಾರೆ. ಪುಕ್ಕಟೆ ಬಂದದ್ದಲ್ಲ ಅದು, ಪುಕ್ಕಟೆ ಬಿಟ್ಟುಕೊಡಲು.

ಇನ್ನೊಂದು ಕಥೆ ನಮ್ಮ ಕೊಳ್ಳೇಗಾಲಕ್ಕೂ ಸೇರಿದ್ದು. 1956ರ ನವೆಂಬರ್ 1ರ ತನಕ ಕೊಳ್ಳೇಗಾಲವೂ ದಕ್ಷಿಣ ಕನ್ನಡವೂ ಮದ್ರಾಸ್ ರಾಜ್ಯದಲ್ಲಿದ್ದವು. 1953ರಲ್ಲಿ ಅಲ್ಲಿನ ಮುಖ್ಯಮಂತ್ರಿ ರಾಜಗೋಪಾಲಾಚಾರಿಯವರು ಪ್ರಾಥಮಿಕ ಶಿಕ್ಷಣವನ್ನು 'ಸುಧಾರಿಸುವ' ಯೋಜನೆ ತಂದರು. ಹಳ್ಳಿ ಶಾಲೆಗಳಲ್ಲಿ ದಿನಕ್ಕೆ ಐದು ಗಂಟೆ ಇದ್ದ ಪಾಠ ಮೂರು ಗಂಟೆಗೆ ಇಳಿಯಿತು. ಅದೇ ಕಟ್ಟಡ, ಅದೇ ಮೇಷ್ಟ್ರು, ಎರಡು ಪಾಳಿ. ಮಿಕ್ಕ ಹೊತ್ತು ಮಕ್ಕಳು ಮನೆಯಲ್ಲಿ ಅಪ್ಪನ ಕಸುಬು ಕಲಿಯಬೇಕು. ಕಾರಣ? ದುಡ್ಡಿಲ್ಲ. ಪಟ್ಟಣದ ಶಾಲೆಗಳಿಗೆ ಇದು ಅನ್ವಯ ಇರಲಿಲ್ಲ. ಅಪ್ಪ ವಕೀಲನಾದರೆ ಮಗನಿಗೆ ಐದು ಗಂಟೆ ಪಾಠ. ಅಪ್ಪ ಚಪ್ಪಲಿ ಹೊಲೆಯುವವನಾದರೆ ಮೂರು ಗಂಟೆ ಪಾಠ, ಆಮೇಲೆ ಉಳಿ ಹಿಡಿ. ಪೆರಿಯಾರ್ ಕಡೆಯವರು ಅದಕ್ಕೆ 'ಕುಲಕಲ್ವಿ' ಎಂದು ಹೆಸರಿಟ್ಟರು. ಕುಲದ ಕಸುಬಿನ ಶಿಕ್ಷಣ. ಹೆಸರು ಅಂಟಿಕೊಂಡಿತು. ಜನ ಬೀದಿಗಿಳಿದರು, ಶಾಸನಸಭೆ ಅಲುಗಾಡಿತು, ಕಾಂಗ್ರೆಸ್ಸಿನ ಒಳಗೇ ಒಡಕು ಬಂತು. 1954ರಲ್ಲಿ ರಾಜಾಜಿ ಕುರ್ಚಿ ಬಿಟ್ಟರು, ಏಪ್ರಿಲ್‌ನಲ್ಲಿ ಕಾಮರಾಜರು ಬಂದರು, ಮೇ ತಿಂಗಳಲ್ಲಿ ಯೋಜನೆ ಕಸದ ಬುಟ್ಟಿಗೆ ಬಿತ್ತು.

ನನ್ನ ಪಾಲಿಗೆ ಇದರ ಪಾಠ ಇಷ್ಟೇ. ಯೋಜನೆ ಯಾವಾಗಲೂ ಸುಧಾರಣೆಯ ಅಂಗಿ ಹಾಕಿಕೊಂಡೇ ಬರುತ್ತದೆ. ಅಂಗಿ ಬಿಚ್ಚಿ ನೋಡಿದರೆ ಒಳಗೆ ಎರಡೇ ಇರುತ್ತವೆ: ಉಳಿಸಿದ ದುಡ್ಡು, ಬಿಟ್ಟುಹೋದ ಮಗು. ಮತ್ತು ಜನ ಎದ್ದರೆ ಅದು ಬೀಳುತ್ತದೆ.

ಈಚಿನದನ್ನೂ ಹೇಳಿಬಿಡುತ್ತೇನೆ. ರಾಜಸ್ಥಾನದಲ್ಲಿ 2014ರಲ್ಲಿ ಸಾವಿರಾರು ಶಾಲೆಗಳನ್ನು ವಿಲೀನ ಮಾಡಿದರು. ಒಡಿಶಾದಲ್ಲಿ ಸಣ್ಣ ಶಾಲೆಗಳನ್ನು ಸೇರಿಸುವ 2020ರ ಆದೇಶವನ್ನು ಅಲ್ಲಿನ ಹೈಕೋರ್ಟು 2021ರಲ್ಲಿ ರದ್ದು ಮಾಡಿತು. ಉತ್ತರ ಪ್ರದೇಶದಲ್ಲಿ 2025ರ ಜೂನ್‌ನಲ್ಲಿ ಶಾಲೆಗಳನ್ನು 'ಜೋಡಿ' ಮಾಡುವ ಆದೇಶ ಬಂತು. ಸೀತಾಪುರದ ಮಕ್ಕಳೇ ಕೋರ್ಟಿನ ಮೆಟ್ಟಿಲು ಹತ್ತಿದರು. ಜುಲೈ 7ರಂದು ಏಕಸದಸ್ಯ ಪೀಠದಲ್ಲಿ ಸೋತರು. ಸುಮ್ಮನಾಗಲಿಲ್ಲ, ಮೇಲಿನ ಪೀಠಕ್ಕೆ ಹೋದರು. ಜುಲೈ 24ರಂದು ಸೀತಾಪುರದ ಮಟ್ಟಿಗೆ ಯಥಾಸ್ಥಿತಿ ಇರಲಿ ಎಂಬ ಆದೇಶ ತಂದರು. ಅ ಆ ಕಲಿಯುವ ಮಕ್ಕಳು ಕೋರ್ಟಿಗೆ ಹೋದರು. ಬಿ.ಎ. ಮುಗಿಸಿದ ನಾವು ಹಾಸ್ಟೆಲಿನ ಸಾರು ತೆಳ್ಳಗಾಯಿತು ಎಂದು ಮಾತ್ರ ಸ್ಟ್ರೈಕ್ ಮಾಡುತ್ತಿದ್ದೇವೆ.

ನಮ್ಮೊಳಗಿನ ವಾದ

ಈಗ ನಮ್ಮ ಗೆಳೆಯರೇ ಎತ್ತುವ ಮಾತಿಗೆ ಬರುತ್ತೇನೆ. ಮೊನ್ನೆ ಹಾಸ್ಟೆಲಿನಲ್ಲಿ ಒಬ್ಬ ನನ್ನ ಮುಖಕ್ಕೇ ಹೇಳಿದ: "ಅಣ್ಣಾ, ಆ ಕೇರಿ ಸ್ಕೂಲಲ್ಲಿ ಏನಿದೆ ಅಂತ ಉಳಿಸ್ಕೋಬೇಕು? ನಾನು ಐದನೇ ಕ್ಲಾಸ್ ಮುಗಿಸ್ದಾಗ ನನ್ ಹೆಸ್ರು ಇಂಗ್ಲಿಷಲ್ಲಿ ಬರೀಯೋಕೆ ಬರ್ತಿರ್ಲಿಲ್ಲ. ಬಾಬಾಸಾಹೇಬರು ಹಳ್ಳಿ ಬಿಡಿ ಅಂದ್ರು. ನೀನು ಕೇರೀಲೇ ಇರಿ ಅಂತೀಯ."

ಈ ಮಾತಿನಲ್ಲಿ ಸತ್ಯ ಇದೆ. ನಾನು ಅದನ್ನು ಮುಚ್ಚಿಡುವುದಿಲ್ಲ. ಆ ಶಾಲೆಯಲ್ಲಿ ನಾನು ಕಲಿತದ್ದಕ್ಕಿಂತ ಕಲಿಯದೇ ಹೋದದ್ದು ಹೆಚ್ಚು. ಬರೀ ನಮ್ಮ ಮಕ್ಕಳೇ ಕೂತ ಶಾಲೆ ನಮ್ಮ ಹೆಮ್ಮೆಯೂ ಅಲ್ಲ. ಅದು ಜಾತಿ ಕಟ್ಟಿದ ಗೋಡೆ. ಆ ಗೋಡೆ ಬೀಳಬೇಕು. ಎಲ್ಲ ಮಕ್ಕಳೂ ಒಂದೇ ಬೆಂಚಿನಲ್ಲಿ ಕೂರಬೇಕು. ವಿಲೀನ ಅನ್ನುವ ಪದಕ್ಕೆ ನಿಜವಾದ ಅರ್ಥ ಇದ್ದರೆ ನಾನು ಅದರ ಪರ.

ಹಾಗಾದರೆ ಒಂದೇ ಪ್ರಶ್ನೆ ಕೇಳುತ್ತೇನೆ. ಪ್ರತಿ ಸಲವೂ ನಾವೇ ಯಾಕೆ ನಡೆಯಬೇಕು?

ಕೇರಿ ಶಾಲೆ ಊರಿಗೆ ಹೋಗುತ್ತದೆ. ಸಣ್ಣ ಹಳ್ಳಿಯ ಶಾಲೆ ದೊಡ್ಡ ಹಳ್ಳಿಗೆ ಹೋಗುತ್ತದೆ. ಹಾಡಿಯ ಶಾಲೆ ಬಯಲಿಗೆ ಹೋಗುತ್ತದೆ. ಊರಿನ ಶಾಲೆ ಕೇರಿಗೆ ಬಂದ ಒಂದೇ ಒಂದು ವಿಲೀನ ತೋರಿಸಿ. ಆ ಕಂಪ್ಯೂಟರು, ಆ ಸ್ಮಾರ್ಟ್ ಕ್ಲಾಸು, ಆ ಇಂಗ್ಲಿಷ್ ಮೇಷ್ಟ್ರನ್ನು ನಮ್ಮ ಹೊಂಗೆ ಮರದ ಪಕ್ಕ ತಂದಿಡಿ. ಊರಿನ ದೊಡ್ಡವರ ಮಕ್ಕಳು ಕೆರೆ ಏರಿ ಮೇಲೆ ನಡೆದು ಬರಲಿ. ನಮ್ಮ ಬೀದಿಯಲ್ಲಿ ನೀರಡಿಕೆ ಆದರೆ ನಮ್ಮ ಮನೆ ಬಾಗಿಲಲ್ಲಿ ನಿಂತು ನೀರು ಕೇಳಲಿ. ನಮ್ಮವ್ವ ಚೊಂಬಿನಲ್ಲಿ ನೀರು ಕೊಡುತ್ತಾಳೆ. ಅವಳು ಜಾತಿ ಕೇಳುವುದಿಲ್ಲ.

ಹೀಗಂದರೆ ನಗುತ್ತಾರೆ. ಯಾಕೆ ನಗುತ್ತಾರೆ? ಅದು ಆಗುವ ಮಾತಲ್ಲ ಎಂದು ಅವರಿಗೂ ಗೊತ್ತು, ನಮಗೂ ಗೊತ್ತು. ಆ ನಗುವಿನಲ್ಲೇ ಉತ್ತರ ಇದೆ. ದೂರ ಅನ್ನುವುದು ಕಿಲೋಮೀಟರಿನ ಲೆಕ್ಕ ಅಲ್ಲ. ಊರಿಂದ ಕೇರಿಗೆ ಇರುವ ದೂರವೂ ಕೇರಿಯಿಂದ ಊರಿಗೆ ಇರುವ ದೂರವೂ ಒಂದೇ ಅಲ್ಲ. ನಕ್ಷೆಯಲ್ಲಿ ಗೆರೆ ಎಳೆದವರಿಗೆ ಅದು ಮೂರೂವರೆ ಕಿಲೋಮೀಟರ್. ನಮ್ಮ ಚಿಕ್ಕವ್ವನಿಗೆ ಅದು ನೂರು ಬಾಗಿಲು, ಒಂದೂ ತೆರೆಯದ ಬಾಗಿಲು.

ಅದಕ್ಕೇ ಕಾಯ್ದೆ 'ನೆರೆಹೊರೆಯ ಶಾಲೆ' ಎಂದದ್ದು. ಒಂದರಿಂದ ಐದನೇ ಕ್ಲಾಸಿನ ಮಗುವಿಗೆ ಒಂದು ಕಿಲೋಮೀಟರ್ ಒಳಗೆ, ಆರರಿಂದ ಎಂಟಕ್ಕೆ ಮೂರು ಕಿಲೋಮೀಟರ್ ಒಳಗೆ ಶಾಲೆ ಇರಬೇಕು ಎನ್ನುವ ನಿಯಮ ಸುಮ್ಮನೆ ಬಂದದ್ದಲ್ಲ. ಕೂಲಿ ಮಾಡುವ ತಾಯಿ ಬೆಳಗ್ಗೆ ಏಳಕ್ಕೆ ಕಳೆ ಕೀಳಲು ಹೋಗುತ್ತಾಳೆ. ಕೂಸು ಎದ್ದು, ಮುಖ ತೊಳೆದು, ತಾನೇ ನಡೆದು ಹೋಗುವ ಶಾಲೆ ಅದರ ಶಾಲೆ. ಒಂಬತ್ತು ವರ್ಷದ ಅಕ್ಕ ಮೂರು ವರ್ಷದ ತಮ್ಮನನ್ನು ಪಕ್ಕದ ಅಂಗನವಾಡಿಗೆ ಬಿಟ್ಟು ತಾನು ಕ್ಲಾಸಿಗೆ ಹೋಗುತ್ತಾಳೆ. ಶಾಲೆ ಮೂರೂವರೆ ಕಿಲೋಮೀಟರ್ ಆಚೆ ಹೋದ ದಿನ ತಮ್ಮನ ಜೊತೆ ಅಕ್ಕನೂ ಮನೆಯಲ್ಲಿ ಉಳಿಯುತ್ತಾಳೆ. ಹಾಜರಿ ಪುಸ್ತಕದಲ್ಲಿ ಅವಳ ಹೆಸರು ದೊಡ್ಡ ಶಾಲೆಗೆ ವರ್ಗ ಆಗಿರುತ್ತದೆ. ಅವಳು ವರ್ಗ ಆಗಿರುವುದಿಲ್ಲ.

ಹದಿನಾಲ್ಕರಲ್ಲಿ ಹತ್ತು ಹೋಗಬಹುದು. ಉಳಿದ ನಾಲ್ಕು? ಆ ನಾಲ್ಕರಲ್ಲಿ ಮೂರು ಹೆಣ್ಣು ಎಂದು ನಾನು ಪಂದ್ಯ ಕಟ್ಟುತ್ತೇನೆ. ಅವರನ್ನು ಎಣಿಸುವ ಅಧಿಕಾರಿ ಇನ್ನೂ ಹುಟ್ಟಿಲ್ಲ.

ಹಳ್ಳಿ ಬಿಡಿ ಎಂದ ಬಾಬಾಸಾಹೇಬರು ಓದಿ ಎಂದೂ ಹೇಳಿದರು. ಓದಿದವನಿಗೆ ಹಳ್ಳಿ ಬಿಡುವ ದಾರಿ ಸಿಗುತ್ತದೆ. ಓದದವನು ಹಳ್ಳಿ ಬಿಟ್ಟರೆ ಸಿಗುವುದು ಇಟ್ಟಿಗೆ ಗೂಡು. ಆ ಹಾಸ್ಟೆಲ್ ಗೆಳೆಯನಿಗೆ ನಾನು ಕೇಳಿದೆ: "ಐದನೇ ಕ್ಲಾಸಿನಲ್ಲಿ ನಿನಗೆ ಇಂಗ್ಲಿಷ್ ಬರ್ತಿರಲಿಲ್ಲ, ನಿಜ. ಆ ಶಾಲೆಯೇ ಇರದಿದ್ದರೆ ನೀನು ಆರನೇ ಕ್ಲಾಸಿಗೆ ಬರ್ತಿದ್ದೆಯಾ?" ಅವನು ಸ್ವಲ್ಪ ಹೊತ್ತು ಸುಮ್ಮನಿದ್ದ. ಆಮೇಲೆ, "ನಮ್ಮಕ್ಕ ಬರ್ತಿರ್ಲಿಲ್ಲ" ಅಂದ.

ಇನ್ನೊಂದು ಮಾತು ಬಾಯಿಗೆ ಕಹಿ, ಆದರೂ ಹೇಳಬೇಕು. ಸಂಖ್ಯೆ ಇಳಿಸಿದವರಲ್ಲಿ ನಮ್ಮವರೂ ಇದ್ದಾರೆ. ಮೀಸಲಾತಿಯಲ್ಲಿ ನೌಕರಿ ಹಿಡಿದು, ಪಟ್ಟಣದಲ್ಲಿ ಮನೆ ಕಟ್ಟಿ, ಮಗನನ್ನು ಕಾನ್ವೆಂಟಿಗೆ ಹಾಕಿ, ಏಪ್ರಿಲ್ 14ಕ್ಕೆ ಮಾತ್ರ ಕೇರಿಗೆ ಬಂದು ಹಾರ ಹಾಕುವ ಅಣ್ಣಂದಿರು. ಅವರ ಮಗ ಚೆನ್ನಾಗಿ ಓದಲಿ, ನನಗೆ ಹೊಟ್ಟೆಕಿಚ್ಚಿಲ್ಲ. ಆದರೆ ಕೇರಿ ಶಾಲೆಗೆ ಎರಡನೇ ಮೇಷ್ಟ್ರು ಬೇಕು ಎಂದು ಒಂದು ಅರ್ಜಿ ಬರೆದುಕೊಡಲೂ ಅವರಿಗೆ ಪುರುಸೊತ್ತಿಲ್ಲವೇ? ನಾಳೆ ನಮಗೂ ನೌಕರಿ ಸಿಗುತ್ತದೆ. ನಾವೂ ಹಾಗೇ ಆಗುತ್ತೇವೆಯೇ? ಈ ಪ್ರಶ್ನೆಯನ್ನು ನಾನು ನನಗೂ ಕೇಳಿಕೊಂಡೇ ಬರೆಯುತ್ತಿದ್ದೇನೆ.

ಏನು ಮಾಡೋಣ?

ಭಾಷಣ ಸಾಕು. ಮುಂದಿನ ರಜೆಯಲ್ಲಿ ಊರಿಗೆ ಹೋಗುತ್ತೀರಲ್ಲ, ಹಬ್ಬ ಉಂಡು ಮಲಗಬೇಡಿ. ಈ ಕೆಲಸ ಮಾಡಿ.

ಮೊದಲು ಆದೇಶ ಕೇಳಿ. ಬಾಯಿಮಾತಿಗೆ ಬೆಲೆ ಇಲ್ಲ. ಯಾವ ಆದೇಶ, ಯಾವ ತಾರೀಖು, ಯಾರ ಸಹಿ? ಕೊಡದಿದ್ದರೆ 2005ರ ಮಾಹಿತಿ ಹಕ್ಕು ಕಾಯ್ದೆಯಡಿ ಅರ್ಜಿ ಹಾಕಿ. ಹಾಕಲು ಗೊತ್ತಿಲ್ಲದವರು ಗೊತ್ತಿರುವ ಗೆಳೆಯರನ್ನು ಕರೆದುಕೊಂಡು ಹೋಗಿ.

ಎರಡನೆಯದು, ದಾರಿ ಅಳೆಯಿರಿ. ನಕ್ಷೆಯ ಮೇಲೆ ಬೇಡ, ಕಾಲಲ್ಲಿ ಅಳೆಯಿರಿ. ಒಂದನೇ ಕ್ಲಾಸಿನ ಕೂಸನ್ನು ಕೈ ಹಿಡಿದುಕೊಂಡು ಅದರ ನಡಿಗೆಯಲ್ಲಿ ಹೊಸ ಶಾಲೆಗೆ ನಡೆಯಿರಿ. ಎಷ್ಟು ಹೊತ್ತು ಹಿಡಿಯಿತು, ಎಲ್ಲಿ ಲಾರಿ ಓಡಾಡುತ್ತದೆ, ಎಲ್ಲಿ ಹಳ್ಳ ತುಂಬುತ್ತದೆ, ಯಾವ ಬೀದಿಯಲ್ಲಿ ಯಾರು ಏನೆಂದರು, ಎಲ್ಲ ಬರೆದಿಡಿ. ಅದೇ ನಮ್ಮ ದಾಖಲೆ.

ಮೂರನೆಯದು, ಎಸ್‌ಡಿಎಂಸಿ. ಶಾಲಾ ಸಮಿತಿಯಲ್ಲಿ ಮುಕ್ಕಾಲು ಪಾಲು ಪೋಷಕರೇ ಇರಬೇಕು, ಅರ್ಧದಷ್ಟು ಹೆಂಗಸರಿರಬೇಕು, ಹಿಂದುಳಿದವರ ಮಕ್ಕಳ ತಂದೆತಾಯಿಗೆ ಅವರ ಪ್ರಮಾಣಕ್ಕೆ ತಕ್ಕ ಜಾಗ ಇರಬೇಕು ಎಂದು ಶಿಕ್ಷಣ ಹಕ್ಕು ಕಾಯ್ದೆಯ 21ನೇ ಕಲಮು ಹೇಳುತ್ತದೆ. ನಿಮ್ಮ ಊರಿನ ಸಮಿತಿಯಲ್ಲಿ ಯಾರಿದ್ದಾರೆ ನೋಡಿ. ಮಗನನ್ನು ಕಾನ್ವೆಂಟಿಗೆ ಹಾಕಿದವನು ಸರ್ಕಾರಿ ಶಾಲೆಯ ವಿಲೀನಕ್ಕೆ ಸಹಿ ಹಾಕಿದ್ದಾನೆಯೇ ನೋಡಿ. ನಡಾವಳಿ ಪುಸ್ತಕ ತೆಗೆಸಿ ಓದಿ. ಅವ್ವಂದಿರು ಹೆಬ್ಬೆಟ್ಟು ಒತ್ತುವ ಮೊದಲು ಆ ಸಾಲನ್ನು ಅವರಿಗೆ ಗಟ್ಟಿಯಾಗಿ ಓದಿ ಹೇಳಿ.

ನಾಲ್ಕನೆಯದು, ಗ್ರಾಮಸಭೆಯಲ್ಲಿ ಠರಾವು ಮಾಡಿಸಿ. ಶಾಲೆ ಇಲ್ಲೇ ಇರಬೇಕು, ಕಾಯ್ದೆ ಪ್ರಕಾರ ಇಬ್ಬರು ಮೇಷ್ಟ್ರು ಬರಬೇಕು, ಇಂಗ್ಲಿಷೂ ಇಲ್ಲೇ ಕಲಿಸಬೇಕು. ಅದರ ಪ್ರತಿ ಬಿಇಒ ಕಚೇರಿಗೂ ರಾಜ್ಯದ ಮಕ್ಕಳ ಹಕ್ಕುಗಳ ರಕ್ಷಣಾ ಆಯೋಗಕ್ಕೂ ಹೋಗಲಿ. ಈ ಕಾಯ್ದೆ ಸರಿಯಾಗಿ ನಡೆಯುತ್ತಿದೆಯೇ ಎಂದು ನೋಡುವುದು ಆ ಆಯೋಗದ ಕೆಲಸ. ಕೆಲಸ ಮಾಡಿಸೋಣ.

ಐದನೆಯದು, ಸಂಜೆ ಎರಡು ಗಂಟೆ. ಹೊಂಗೆ ಮರದ ಕೆಳಗೆ ಕೂತು ಆ ಹದಿನಾಲ್ಕು ಮಕ್ಕಳಿಗೆ ಓದು, ಲೆಕ್ಕ, ಇಂಗ್ಲಿಷ್ ಹೇಳಿಕೊಡಿ. ಸರ್ಕಾರದ ಕೆಲಸ ನಾವು ಮಾಡುವುದೇ ಅನ್ನಬೇಡಿ. ಹೋರಾಟ ಗೆಲ್ಲುವ ತನಕ ಆ ಮಕ್ಕಳು ಕಾಯಲಾರರು. ಒಂದು ವರ್ಷ ಹೋದರೆ ಅವರಿಗೆ ಒಂದು ಕ್ಲಾಸು ಹೋದ ಹಾಗೆ.

'ಶಿಕ್ಷಣ, ಸಂಘಟನೆ, ಹೋರಾಟ' ಎಂದು ಹಾಸ್ಟೆಲಿನ ಗೋಡೆ ಮೇಲೆ ಬರೆದಿದ್ದೇವೆ. ಮೊದಲನೇ ಪದಕ್ಕೇ ಬೀಗ ಬಿದ್ದರೆ ಉಳಿದ ಎರಡನ್ನು ಯಾರು ಓದುತ್ತಾರೆ?

ನಾನು ಕವಿತೆ ಬರೆಯುವವನು. ಚಿಕ್ಕವ್ವನ ಮಾತನ್ನು ಕವಿತೆ ಮಾಡೋಣ ಎಂದು ಎರಡು ರಾತ್ರಿ ಕೂತೆ. ಆಗಲಿಲ್ಲ. ಅವಳು ಕೇಳಿದ್ದು ಕವಿತೆ ಅಲ್ಲ, ಲೆಕ್ಕ. ಹದಿನಾಲ್ಕು ಮಕ್ಕಳು ಸರ್ಕಾರಕ್ಕೆ ಹೊರೆ ಎಂದರು. ಹದಿನಾಲ್ಕು ಮಕ್ಕಳು ಹದಿನಾಲ್ಕು ಮನೆಯ ಮೊದಲ ಅಕ್ಷರ. 1856ರಲ್ಲಿ ಧಾರವಾಡದ ಶಾಲೆಯ ಬಾಗಿಲಲ್ಲಿ ನಿಂತದ್ದು ಒಬ್ಬನೇ ಹುಡುಗ. ಒಬ್ಬ ಅಂದರೂ ಸೊನ್ನೆ ಅಲ್ಲ ಎಂದು ಹೇಳಲು ಅವನು ಅರ್ಜಿ ಬರೆದ. ನಾವು ಇಷ್ಟು ಜನ ಇದ್ದೇವೆ, ಬರೆಯಲೂ ಬರುತ್ತದೆ.

ಅವರು ಮುಂದಿನ ಸಲ ಜೀಪಿನಲ್ಲಿ ಬಂದಾಗ ನಡಾವಳಿ ಪುಸ್ತಕದಲ್ಲಿ ನಾವು ಬರೆಯೋಣ: "ಅಧಿಕಾರಿಗಳಿಗೆ ಸೂಕ್ತ ತಿಳುವಳಿಕೆ ನೀಡಲಾಯಿತು."

ಜೈ ಭೀಮ್.